ಮೂರು ಸೂತ್ರ, ಮೂರು ಬೆಲೆ: ಈ ಷೇರು ಕೊಳ್ಳಬೇಕೋ ಬೇಡವೋ?

ಪ್ರಶ್ನೆ: ಹಾಸನದ ಲೆಕ್ಕದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಹಾಸನದ ಪದವಿಪೂರ್ವ ಕಾಲೇಜೊಂದರಲ್ಲಿ 26 ವರ್ಷ ಗಣಿತ ಕಲಿಸಿ ಹೋದ ವರ್ಷ ನಿವೃತ್ತನಾದೆ. ಗುಣೋತ್ತರ ಶ್ರೇಢಿಯ ಮೊತ್ತವನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಆದರೆ ಆ ಸೂತ್ರದೊಳಗೆ ಸ್ವಂತ ದುಡ್ಡು ಇಟ್ಟು ನೋಡುವ ಸಂದರ್ಭ ಈವರೆಗೆ ಬಂದಿರಲಿಲ್ಲ. ಈಗ ಬಂದಿದೆ. ಪರೀಕ್ಷಾ ಕೊಠಡಿಯಲ್ಲಿ ಮಕ್ಕಳು ಏಕೆ ಪೆನ್ನು ಕಚ್ಚುತ್ತಿದ್ದರು ಎಂಬುದು ಈ ವಯಸ್ಸಿನಲ್ಲಿ ಅರ್ಥವಾಗುತ್ತಿದೆ.

ವಿಷಯ ಇಷ್ಟು. ತಮ್ಮನಿಗೆ ಕೈಗಡ ಕೊಟ್ಟಿದ್ದ ಮೂರು ಲಕ್ಷ ರೂಪಾಯಿ ವಾಪಸು ಬಂತು. ಬರುತ್ತದೆ ಎಂದು ಮನೆಯಲ್ಲಿ ಯಾರೂ ನಂಬಿರಲಿಲ್ಲ, ನಾನೂ ಸೇರಿ. ಬ್ಯಾಂಕಿನ ಠೇವಣಿಯಲ್ಲಿ ಈಗಾಗಲೇ ಸಾಕಷ್ಟಿದೆ, ಇದನ್ನಾದರೂ ಷೇರಿಗೆ ಹಾಕೋಣ ಎನಿಸಿತು. ನನ್ನ ಹೆಂಡತಿಯ ತವರು ಆಲ್ದೂರಿನ ಹತ್ತಿರ. ಅಲ್ಲಿ ಭಾವಮೈದುನನ ಕಾಫಿ ತೋಟದಲ್ಲಿ, ಹೂಮಳೆ ಕೈಕೊಟ್ಟ ವರ್ಷಗಳಲ್ಲಿ ಸ್ಪ್ರಿಂಕ್ಲರ್ ಓಡಿಸುವುದಕ್ಕೆಂದು ಒಂದು ಪಂಪ್‌ಸೆಟ್ ಇದೆ. ಹನ್ನೊಂದು ವರ್ಷದಲ್ಲಿ ಒಂದೇ ಸಲ ಬೇರಿಂಗ್ ಬದಲಾಯಿಸಿದ್ದಾನೆ. ಅದನ್ನು ತಯಾರಿಸುವ ಕಂಪನಿ ಷೇರುಪೇಟೆಯಲ್ಲಿದೆ. ಹೆಸರು ಹೇಳುವುದಿಲ್ಲ. ಹೇಳಿದರೆ ಚರ್ಚೆ ಲೆಕ್ಕವನ್ನು ಬಿಟ್ಟು ಕಂಪನಿಯ ಹಿಂದೆ ಓಡುತ್ತದೆ.

ಕಂಪನಿಯ ಅಂಕಿಗಳು ಹೀಗಿವೆ. ಕಳೆದ ವರ್ಷದ ಲಾಭ 80 ಕೋಟಿ, ಒಟ್ಟು ಷೇರು 4 ಕೋಟಿ, ಅಂದರೆ ಒಂದು ಷೇರಿಗೆ 20 ರೂಪಾಯಿ ಗಳಿಕೆ. ಪುಸ್ತಕ ಮೌಲ್ಯ, ಅಂದರೆ ಆಸ್ತಿಯಲ್ಲಿ ಸಾಲಗಳನ್ನು ಕಳೆದು ಉಳಿಯುವುದು, ಷೇರಿಗೆ 150. ಲಾಭ 63ರಿಂದ 71ಕ್ಕೆ, 71ರಿಂದ 80 ಕೋಟಿಗೆ ಏರಿದೆ. ಮುಂದೆ ವರ್ಷಕ್ಕೆ ಶೇ 12ರಷ್ಟು ಬೆಳೆಯುತ್ತದೆ ಎಂದು ಸ್ವಲ್ಪ ಕೈ ಬಿಗಿಹಿಡಿದೇ ಹಾಕಿಕೊಂಡೆ. ಸಾಲ ಇಲ್ಲವೆನ್ನುವಷ್ಟು ಕಡಿಮೆ. ನಾನು ಲೆಕ್ಕ ಮಾಡಿದ ದಿನ ಪೇಟೆ ಬೆಲೆ 640.

ಮೊದಲು ಅಮೆರಿಕದ ಹೂಡಿಕೆ ಗುರು ಬೆಂಜಮಿನ್ ಗ್ರಹಾಂ ಅವರ ಹೆಸರಿನಲ್ಲಿ ಓಡಾಡುವ ಸರಳ ಸೂತ್ರ ಹಿಡಿದೆ. ಬೆಳವಣಿಗೆಯ ದರವನ್ನು ಎರಡರಿಂದ ಗುಣಿಸಿ, 8.5 ಕೂಡಿಸಿ, ಬಂದದ್ದನ್ನು ಷೇರಿನ ಗಳಿಕೆಯಿಂದ ಗುಣಿಸಬೇಕು. 24ಕ್ಕೆ 8.5 ಸೇರಿದರೆ 32.5, ಅದನ್ನು 20ರಿಂದ ಗುಣಿಸಿದರೆ 650. ಪೇಟೆ ಬೆಲೆಗಿಂತ ಹತ್ತು ರೂಪಾಯಿ ಹೆಚ್ಚು. ಕೊಳ್ಳಬಹುದು ಎಂದಾಯಿತು. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಮರುದಿನ ಅದೇ ಗ್ರಹಾಂ ಅವರ ಇನ್ನೊಂದು ಅಳತೆ ಸಿಕ್ಕಿತು. 22.5, ಷೇರಿನ ಗಳಿಕೆ, ಪುಸ್ತಕ ಮೌಲ್ಯ, ಈ ಮೂರನ್ನೂ ಗುಣಿಸಿ ವರ್ಗಮೂಲ ತೆಗೆಯಬೇಕು. 67,500ರ ವರ್ಗಮೂಲ ಸುಮಾರು 260. ಒಬ್ಬರೇ ಮನುಷ್ಯ, ಒಂದೇ ಕಂಪನಿ, ಒಂದು ಕಡೆ 650, ಇನ್ನೊಂದು ಕಡೆ 260!

ಕೊನೆಗೆ ನನ್ನ ಮನಸ್ಸಿಗೆ ಹತ್ತಿರವಾದ ದಾರಿ ಹಿಡಿದೆ: ಮುಂದೆ ಬರುವ ಹಣವನ್ನೆಲ್ಲ ಇಂದಿನ ಮೌಲ್ಯಕ್ಕೆ ಇಳಿಸುವುದು. ಚಕ್ರಬಡ್ಡಿಯನ್ನು ಹಿಂದುಮುಂದು ಮಾಡಿದರೆ ಇದೇ. ಠೇವಣಿಗೆ ಶೇ 7 ಸಿಗುತ್ತದೆ, ಷೇರಿನ ಅಪಾಯಕ್ಕೆ ಇನ್ನೊಂದು 5 ಬೇಕು, ಒಟ್ಟು ಶೇ 12ರ ದರದಲ್ಲಿ ಇಳಿಸಿದೆ. ಇಲ್ಲಿ ಒಂದು ಸೊಗಸು ಕಂಡಿತು. ಗಳಿಕೆ ಬೆಳೆಯುವುದೂ ಶೇ 12, ನಾನು ಇಳಿಸುವುದೂ ಶೇ 12. ಹಾಗಾಗಿ ಮುಂದಿನ ಹತ್ತು ವರ್ಷಗಳಲ್ಲಿ ಯಾವ ವರ್ಷದ ಗಳಿಕೆಯನ್ನು ತೆಗೆದುಕೊಂಡರೂ ಇಂದಿನ ಲೆಕ್ಕದಲ್ಲಿ ಅದು 20 ರೂಪಾಯಿಯೇ. ಹತ್ತು ವರ್ಷಕ್ಕೆ 200. ಆಮೇಲೆ ಎಂದೆಂದಿಗೂ ಶೇ 5ರಷ್ಟು ಮಾತ್ರ ಬೆಳೆಯುತ್ತದೆ ಎಂದಿಟ್ಟುಕೊಂಡರೆ ಅನಂತ ಶ್ರೇಢಿಯ ಮೊತ್ತ: 1.05ನ್ನು 0.07ರಿಂದ (ಶೇ 12ರಲ್ಲಿ 5 ಕಳೆದದ್ದು) ಭಾಗಿಸಿದರೆ 15, ಇಂಟು 20, ಅಂದರೆ 300. ಒಟ್ಟು 500 ರೂಪಾಯಿ. ಕರಿಹಲಗೆಯ ಮೇಲೆ ಬರೆದಿದ್ದರೆ ಒಂದು ಕ್ಷಣ ನಿಂತು ನೋಡುತ್ತಿದ್ದೆ, ಅಷ್ಟು ಚೊಕ್ಕ.

ಆದರೆ ಈಗ ನನ್ನ ಮುಂದೆ 650, 260, 500 ಎಂಬ ಮೂರು ಉತ್ತರಗಳಿವೆ. ಮೂರರಲ್ಲೂ ಲೆಕ್ಕದ ತಪ್ಪಿಲ್ಲ, ಎರಡೆರಡು ಸಲ ತಾಳೆ ನೋಡಿದ್ದೇನೆ. ನನ್ನ ವಿದ್ಯಾರ್ಥಿಯೊಬ್ಬ ಒಂದೇ ಪ್ರಶ್ನೆಗೆ ಮೂರು ಉತ್ತರ ಬರೆದಿದ್ದರೆ ಸೊನ್ನೆ ಹಾಕುತ್ತಿದ್ದೆ. ಯಾವುದನ್ನು ನಂಬಲಿ?


ಉತ್ತರ: ಅರಸೀಕೆರೆ ಜಂಕ್ಷನ್

ಸರ್, ಇಷ್ಟೆಲ್ಲ ತಲೆಬಿಸಿ ಯಾಕೆ? ಬೆಲೆಯ ಚಾರ್ಟ್ ತೆರೆಯಿರಿ. 50 ದಿನಗಳ ಸರಾಸರಿ ಗೆರೆ 200 ದಿನಗಳ ಗೆರೆಯನ್ನು ಕೆಳಗಿನಿಂದ ಮೇಲಕ್ಕೆ ದಾಟಿದ್ದರೆ ಕೊಳ್ಳಿ, ಮೇಲಿನಿಂದ ಕೆಳಕ್ಕೆ ದಾಟಿದ ದಿನ ಮಾರಿ. ಕಂಪನಿ ಪಂಪ್ ಮಾಡುತ್ತದೋ ಪಾತ್ರೆ ಮಾಡುತ್ತದೋ ನಮಗೆ ಬೇಕಿಲ್ಲ. ಇನ್ನು ಮೂರು ಲಕ್ಷ ಬೇಗ ಆರು ಲಕ್ಷ ಆಗಬೇಕೆಂದರೆ ಷೇರು ಬಿಟ್ಟು ಆಪ್ಷನ್ ಕಡೆ, ಅಂದರೆ ಮುಂದಿನ ಬೆಲೆಯ ಮೇಲೆ ಪಣ ಕಟ್ಟುವ ಒಪ್ಪಂದಗಳ ಕಡೆ ನೋಡಿ.


ಮರುಮಾತು: ಹಾಸನದ ಲೆಕ್ಕದ ಮೇಷ್ಟ್ರು

ಸಲಹೆಗೆ ಧನ್ಯವಾದ. ಸರಾಸರಿಯ ಮೇಲೆ ನನಗೆ ಮುನಿಸಿಲ್ಲ, ಅದರಿಂದಲೇ ಅನ್ನ ತಿಂದವನು. ಆದರೆ ಕಳೆದ 200 ದಿನಗಳ ಬೆಲೆಯ ಸರಾಸರಿ ನನಗೆ ತಿಳಿಸುವುದು ಕಳೆದ 200 ದಿನಗಳಲ್ಲಿ ಜನ ಎಷ್ಟು ಕೊಟ್ಟರು ಎಂಬುದನ್ನು. ವಸ್ತು ಎಷ್ಟು ಬಾಳುತ್ತದೆ ಎಂಬ ನನ್ನ ಪ್ರಶ್ನೆ ಹಾಗೇ ಉಳಿಯುತ್ತದೆ. ಆಪ್ಷನ್ ವಿಷಯದಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಸೆಪ್ಟೆಂಬರಿನಲ್ಲಿ ಕೊಟ್ಟ ಲೆಕ್ಕ ಓದಿದ್ದೇನೆ. ಮೂರು ಹಣಕಾಸು ವರ್ಷಗಳಲ್ಲಿ ಷೇರುಗಳ ಫ್ಯೂಚರ್ ಮತ್ತು ಆಪ್ಷನ್ ವಹಿವಾಟು ಮಾಡಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡಿದ್ದಾರೆ. ಉಳಿದ ಏಳರಲ್ಲಿ ನಾನೊಬ್ಬ ಎಂದು ನಂಬುವ ವಯಸ್ಸು ದಾಟಿದೆ.


ಉತ್ತರ: ಇಂದಿರಾ ಗಾಂಧಿ ರಸ್ತೆಯ ಖಾತೆ ಪುಸ್ತಕ

ಸರ್, ನಾನು ಚಿಕ್ಕಮಗಳೂರಿನ ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ ಹದಿನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ನನ್ನ ಮೇಜಿನ ಮೇಲೆ ಬರುವುದು ಹೆಚ್ಚಾಗಿ ಕಾಫಿ ವ್ಯಾಪಾರಿಗಳ, ಗೊಬ್ಬರದಂಗಡಿಯವರ ಖಾತೆಗಳು. ನಿಮ್ಮಷ್ಟು ಗಣಿತ ನನಗೆ ಬರುವುದಿಲ್ಲ. ಆದರೆ ನಿಮ್ಮ ಮೂರು ಉತ್ತರಗಳನ್ನು ನೋಡುವ ಮೊದಲು ಅವುಗಳೊಳಗೆ ಹೋದ 20 ರೂಪಾಯಿಯನ್ನು ನೋಡಬೇಕು ಎನಿಸಿತು.

ಆ 20 ಲಾಭ. ನಿಮ್ಮ ಮೂರನೆಯ ಸೂತ್ರ ಕೇಳುವುದು ಲಾಭವನ್ನಲ್ಲ, ಕೈಗೆ ಬಂದ ನಗದನ್ನು. ಎರಡರ ನಡುವೆ ಎಷ್ಟು ಅಂತರವಿರುತ್ತದೆ ಎಂಬುದನ್ನು ಪ್ರತಿ ಮಾರ್ಚ್ ತಿಂಗಳಲ್ಲಿ ನೋಡುತ್ತೇನೆ. ಗೊಬ್ಬರದಂಗಡಿಯವರು ಬಂದು ಕೂರುತ್ತಾರೆ, ಪುಸ್ತಕದಲ್ಲಿ ಹನ್ನೆರಡು ಲಕ್ಷ ಲಾಭ ಬಂದಿರುತ್ತದೆ, ತೆರಿಗೆ ಕಟ್ಟಲು ಬ್ಯಾಂಕಿನಲ್ಲಿ ಎಂಬತ್ತು ಸಾವಿರ ಇರುವುದಿಲ್ಲ. ಹಣ ಎಲ್ಲಿ ಎಂದರೆ ಕೈ ಬೀಸಿ ಮೂಡಿಗೆರೆ, ಕಳಸದ ಕಡೆ ತೋರಿಸುತ್ತಾರೆ. ಎಲ್ಲವೂ ಉದ್ರಿ. ಕಂಪನಿ ಎಷ್ಟೇ ದೊಡ್ಡದಿರಲಿ, ಬಿಲ್ ಬರೆದ ದಿನವೇ ಲಾಭದ ಲೆಕ್ಕಕ್ಕೆ ಬರುತ್ತದೆ, ಹಣ ಬರುವುದು ಕೊಂಡವನು ಕೊಟ್ಟ ದಿನ.

ಆದ್ದರಿಂದ ವಾರ್ಷಿಕ ವರದಿಯಲ್ಲಿ ಲಾಭ ನಷ್ಟದ ಪುಟ ಬಿಟ್ಟು ನಗದು ಹರಿವಿನ ಪುಟಕ್ಕೆ ಹೋಗಿ. ವ್ಯವಹಾರದಿಂದ ಬಂದ ನಗದು ಎಂಬ ಮೊತ್ತದಲ್ಲಿ ಯಂತ್ರ, ಕಟ್ಟಡಗಳಿಗೆ ಹಾಕಿದ್ದನ್ನು ಕಳೆಯಿರಿ. ಒಂದು ವರ್ಷದ್ದು ಬೇಡ, ಏರುಪೇರು ಇರುತ್ತದೆ, ಕನಿಷ್ಠ ಮೂರು ವರ್ಷದ್ದನ್ನು ಕೂಡಿಸಿ ಭಾಗಿಸಿ. ಬೆಳೆಯುತ್ತಿರುವ ಕಂಪನಿಯಲ್ಲಿ ಇದು ಲಾಭಕ್ಕಿಂತ ಕಡಿಮೆ ಇದ್ದರೆ ಅದೇ ಅಪರಾಧವೇನಲ್ಲ, ಬೆಳೆಯುವುದಕ್ಕೂ ಹಣ ಬೇಕು. ಆದರೆ ಶೇ 12 ಬೆಳವಣಿಗೆಯನ್ನೂ ಸೂತ್ರಕ್ಕೆ ಹಾಕಿ, ಆ ಬೆಳವಣಿಗೆ ನುಂಗುವ ಹಣವನ್ನೂ ಕಳೆಯದೆ ಬಿಟ್ಟರೆ ಒಂದೇ ರೂಪಾಯಿಯನ್ನು ಎರಡು ಸಲ ಎಣಿಸಿದಂತೆ.

ಅದೇ ವರದಿಯಲ್ಲಿ ಬರಬೇಕಾದ ಬಾಕಿಯ ಟಿಪ್ಪಣಿಯೂ ಇದೆ. 2021ರ ಏಪ್ರಿಲ್‌ನಿಂದ ಕಂಪನಿಗಳು ಬಾಕಿಯನ್ನು ವಯಸ್ಸಿನ ಪ್ರಕಾರ ಬಿಡಿಸಿ ತೋರಿಸಬೇಕು: ಆರು ತಿಂಗಳ ಒಳಗಿನದು, ಆರು ತಿಂಗಳಿಂದ ವರ್ಷದವರೆಗಿನದು, ಒಂದರಿಂದ ಎರಡು ವರ್ಷ, ಎರಡರಿಂದ ಮೂರು, ಮೂರು ದಾಟಿದ್ದು. ಷೇರು ಕೊಳ್ಳುವವರಿಗೆ ಸರ್ಕಾರ ಪುಕ್ಕಟೆಯಾಗಿ ಕೊಟ್ಟ ಒಳ್ಳೆಯ ಕೋಷ್ಟಕ. ಓದುವವರು ಕಡಿಮೆ. ಬಾಕಿ ಎಡಗಡೆಯ ಮನೆಯಿಂದ ಬಲಗಡೆಯ ಮನೆಗಳಿಗೆ ಸರಿಯುತ್ತಿದ್ದರೆ ಮುಖ ಗಂಟಿಕ್ಕಿಕೊಳ್ಳಿ.

ಇನ್ನು ನಿಮ್ಮ 500. ಅದರಲ್ಲಿ 300 ಹತ್ತು ವರ್ಷದ ಆಚೆಯಿಂದ ಬಂದಿದೆ, ಅಂದರೆ ನೂರಕ್ಕೆ ಅರವತ್ತು ಭಾಗ ಯಾರೂ ಕಾಣದ ಕಾಲದ್ದು. ದರಗಳನ್ನು ಒಂದೊಂದೇ ಅಂಕ ಸರಿಸಿ ನೋಡಿದೆ. ಇಳಿಸುವ ದರ 12ರ ಬದಲು 11, ಕೊನೆಯ ಬೆಳವಣಿಗೆ 5ರ ಬದಲು 6 ಎಂದರೆ 674 ಬರುತ್ತದೆ. 13 ಮತ್ತು 4 ಎಂದರೆ 402. ಠೇವಣಿಗೆ 5 ಸೇರಿಸಬೇಕೋ 4 ಸೇರಿಸಬೇಕೋ ಎಂದು ನೀವು ಊಟದ ಹೊತ್ತಿನಲ್ಲಿ ತೀರ್ಮಾನಿಸಿದ್ದು ಷೇರಿನ ಬೆಲೆಯನ್ನು ಸುಮಾರು ನೂರು ರೂಪಾಯಿ ಅಲ್ಲಾಡಿಸುತ್ತದೆ.

650ರ ಬಗ್ಗೆ ಒಂದು ಮಾತು. ಗ್ರಹಾಂ ಆ ಸೂತ್ರ ಕೊಟ್ಟಾಗ ಅಮೆರಿಕದಲ್ಲಿ ಅತ್ಯುತ್ತಮ ದರ್ಜೆಯ ಕಂಪನಿ ಬಾಂಡ್‌ಗಳು (ಸಾಲಪತ್ರಗಳು) ಕೊಡುತ್ತಿದ್ದ ಬಡ್ಡಿ ಸುಮಾರು ಶೇ 4.4. ಬಡ್ಡಿ ಬದಲಾದರೆ ಉತ್ತರವನ್ನು 4.4ರಿಂದ ಗುಣಿಸಿ ಈಗಿನ ಬಾಂಡ್ ದರದಿಂದ ಭಾಗಿಸಬೇಕೆಂದು ಆಮೇಲೆ ತಿದ್ದಿದರು. ನಮ್ಮಲ್ಲಿ ಏಳೂವರೆ ಎಂದು ಇಟ್ಟುಕೊಂಡರೆ ನಿಮ್ಮ 650 ಇಳಿದು 381 ಆಗುತ್ತದೆ. ತಿದ್ದುಪಡಿಯನ್ನು ಬಿಟ್ಟು ಸೂತ್ರವನ್ನು ಮಾತ್ರ ಹಂಚುವವರೇ ಹೆಚ್ಚು. 260 ಬಂದ ವರ್ಗಮೂಲದ ಅಳತೆಯೋ, ಗಳಿಕೆಯ 15 ಪಟ್ಟು, ಪುಸ್ತಕ ಮೌಲ್ಯದ ಒಂದೂವರೆ ಪಟ್ಟು, ಇದಕ್ಕಿಂತ ಹೆಚ್ಚು ಕೊಡಬೇಡಿ ಎಂಬ ಜಿಪುಣರ ಅಳತೆ. 15 ಇಂಟು 1.5 ಅಂದರೆ ಆ 22.5. ಹೆಸರು, ಡೀಲರುಗಳ ಜಾಲ ಇಂಥವೇ ಆಸ್ತಿಯಾಗಿರುವ ಕಂಪನಿಗಳು ಅದರಲ್ಲಿ ತೇರ್ಗಡೆಯಾಗುವುದೇ ಇಲ್ಲ.

ನಾನಾದರೆ ಲೆಕ್ಕವನ್ನು ತಿರುಗಿಸುತ್ತೇನೆ. ಬೆಲೆ ಎಷ್ಟು ಎಂದು ಸೂತ್ರವನ್ನು ಕೇಳುವ ಬದಲು 640ನ್ನೇ ಉತ್ತರದ ಜಾಗದಲ್ಲಿಟ್ಟು, ಬೆಳವಣಿಗೆ ಎಷ್ಟಿದ್ದರೆ ಈ ಉತ್ತರ ಬರುತ್ತದೆ ಎಂದು ಕೇಳುತ್ತೇನೆ. ನಿಮ್ಮ 20 ರೂಪಾಯಿಯನ್ನೇ ನಂಬಿದರೂ ಅದು ಶೇ 15 ಮತ್ತು 16ರ ನಡುವೆ ಬರುತ್ತದೆ. ಹತ್ತು ವರ್ಷ ಬಿಡದೆ ಹಾಗೆ ಬೆಳೆದರೆ ಕಂಪನಿ ನಾಲ್ಕು ಪಟ್ಟಿಗಿಂತ ದೊಡ್ಡದಾಗಬೇಕು. ಇಷ್ಟು ಪಂಪ್ ಯಾರು ಕೊಳ್ಳುತ್ತಾರೆ ಎಂಬುದು ನಿಮ್ಮಂಥವರು, ನಿಮ್ಮ ಭಾವಮೈದುನರಂಥವರು ಉತ್ತರಿಸಬಲ್ಲ ಪ್ರಶ್ನೆ.

ನಗದನ್ನೂ ಕಣ್ಣುಮುಚ್ಚಿ ನಂಬಬೇಡಿ. ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂನ ಪುಸ್ತಕದಲ್ಲಿದ್ದ 5,361 ಕೋಟಿ ರೂಪಾಯಿ ನಗದಿನಲ್ಲಿ 5,040 ಕೋಟಿ ಇರಲೇ ಇಲ್ಲ ಎಂದು ಅದರ ಅಧ್ಯಕ್ಷರೇ 2009ರ ಜನವರಿ 7ರಂದು ಬರೆದುಕೊಟ್ಟರು. ಬ್ಯಾಂಕಿನಲ್ಲಿ ಅಷ್ಟು ಹಣವಿದೆ ಎಂದರೆ ಅದಕ್ಕೆ ತಕ್ಕ ಬಡ್ಡಿ ಬಂದಿದೆಯೇ ಎಂದು ಭಾಗಿಸಿ ನೋಡುವುದಕ್ಕೆ ಐದನೆಯ ತರಗತಿಯ ಲೆಕ್ಕ ಸಾಕು.


ಉತ್ತರ: ಬಾಳೆಹೊನ್ನೂರು ರೋಬಸ್ಟಾ

ಮೇಷ್ಟ್ರೇ, ಖಾತೆ ಪುಸ್ತಕದ ಮೇಡಂ ಹೇಳಿದ್ದು ನನಗೆ ಅರ್ಥವಾಗಿದ್ದು ಕಾಫಿ ಭಾಷೆಯಲ್ಲಿ. ಲಾಭ ಅಂದರೆ ಚೆರ್ರಿ ತುಂಬಿದ ಚೀಲ, ನಗದು ಅಂದರೆ ಸಿಪ್ಪೆ ತೆಗೆದ ಮೇಲೆ ಉಳಿಯುವ ಬೀಜ. 50 ಕೆಜಿ ಚೀಲದಲ್ಲಿ 26 ಕೆಜಿ ಬೀಜ ಬಂದರೆ ಔಟ್‌ಟರ್ನ್ 26 ಎನ್ನುತ್ತೇವೆ. ವ್ಯಾಪಾರಿ ಚೀಲದ ತೂಕ ನೋಡಿ ದುಡ್ಡು ಕೊಡುವುದಿಲ್ಲ. ಕೈ ಹಾಕಿ ಒಂದು ಹಿಡಿ ತೆಗೆದು, ಸಿಪ್ಪೆ ಸುಲಿದು, ಬೀಜ ತೂಗಿ, ತೇವ ನೋಡಿ ಆಮೇಲೆ ಬಾಯಿ ಬಿಡುತ್ತಾನೆ. ನೀವು ಚೀಲ ತೂಗಿ ಬಂದಿದ್ದೀರಿ.

ನಾನು ಹೇಳಬೇಕೆಂದಿರುವುದು ಬೇರೆ. ನಮ್ಮ ತಂದೆ ಇದ್ದಾಗ ಪ್ರತಿ ವರ್ಷ ಮಳೆಗಾಲ ಮುಗಿಯುತ್ತಿದ್ದ ಹಾಗೆ ಫಸಲಿನ ಅಂದಾಜು ಮಾಡುತ್ತಿದ್ದರು. ಗಿಡ ಆರಿಸಿ, ರೆಕ್ಕೆಗೆ (ಅಡ್ಡಕೊಂಬೆಗೆ) ಎಷ್ಟು ಗೆಣ್ಣು, ಗೆಣ್ಣಿಗೆ ಎಷ್ಟು ಕಾಯಿ ಎಂದು ಎಣಿಸಿ, ಗಿಡಗಳ ಸಂಖ್ಯೆಯಿಂದ ಗುಣಿಸುವುದು. ಅವರು ತೀರಿಕೊಂಡ ಮೇಲೆ ಮೊದಲ ವರ್ಷ ಆ ಕೆಲಸ ನನ್ನ ಪಾಲಿಗೆ ಬಂತು. ಇಪ್ಪತ್ತು ಗಿಡ ಎಣಿಸಿದೆ. ಕ್ಯಾಲ್ಕುಲೇಟರಿನಲ್ಲಿ ಎರಡು ಸಲ ಗುಣಿಸಿದೆ. 140 ಚೀಲ ಬಂತು. ಆ ಲೆಕ್ಕದ ಮೇಲೆ ಮುಂಗಡ ತೆಗೆದುಕೊಂಡು ಗೊಬ್ಬರ, ಕೂಲಿ ಎಲ್ಲ ಮಾಡಿದೆ. ಕೊಯ್ಲು ಮುಗಿದಾಗ ಕಣದಿಂದ ಎದ್ದದ್ದು 96 ಚೀಲ.

ಎಲ್ಲಿ ತಪ್ಪಿತು ಎಂದು ತೋಟದ ಲೆಕ್ಕ ನೋಡಿಕೊಳ್ಳುವ ನಮ್ಮ ಹಳೆಯ ರೈಟರನ್ನು ಕೇಳಿದೆ. ಅವರು ನನ್ನನ್ನು ತೋಟಕ್ಕೆ ಕರೆದುಕೊಂಡು ಹೋಗಿ ನಾನು ಎಣಿಸಿದ ಗಿಡಗಳನ್ನು ತೋರಿಸಲು ಹೇಳಿದರು. ಇಪ್ಪತ್ತರಲ್ಲಿ ಹದಿನಾರು ಜೀಪಿನ ದಾರಿಯ ಪಕ್ಕದವು. ಅಲ್ಲಿ ಬಿಸಿಲು ಬೀಳುತ್ತದೆ, ಕೆಲಸದವರ ಕೈ ಚೆನ್ನಾಗಿ ಓಡುತ್ತದೆ, ಗೊಬ್ಬರದ ಚೀಲ ಬಿಚ್ಚುವುದೂ ಅಲ್ಲಿಯೇ. ಇಳಿಜಾರಿನ ಕೆಳಗೆ, ಜಿಗಣೆ ಹತ್ತುವ ಕಡೆ ನಾನು ಇಳಿದಿರಲೇ ಇಲ್ಲ. ಗುಣಾಕಾರ ಸರಿಯಿತ್ತು ಸ್ವಾಮಿ, ಗಿಡ ತಪ್ಪಿತ್ತು.

ನೀವು ಎಣಿಸಿದ ಮೂರು ವರ್ಷ ಯಾವುವು ಎಂದು ನೋಡಿಕೊಳ್ಳಿ. ಪಂಪ್ ಯಾವಾಗ ಓಡುತ್ತದೆ? ಬರ ಬಂದಾಗ. 2023ರಲ್ಲಿ ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಘೋಷಿಸಿತು. ಅದರ ಮುಂದಿನ ಬೇಸಿಗೆಯಲ್ಲಿ ನಮ್ಮ ಕಡೆ ಹೊಸ ಪಂಪ್‌ಗೆ ಹದಿನೈದು ದಿನ ಕಾಯಬೇಕಾಗಿತ್ತು. ಕೊಳವೆಬಾವಿ ಕೊರೆಯುವ ಲಾರಿಗಳ ಸದ್ದಿಗೆ ರಾತ್ರಿ ನಿದ್ದೆ ಇರಲಿಲ್ಲ. ನಿಮ್ಮ 71, 80 ಕೋಟಿಯಲ್ಲಿ ಆ ಬೇಸಿಗೆ ಸೇರಿಕೊಂಡಿದ್ದರೆ ನೀವು ದಾರಿ ಬದಿಯ ಗಿಡ ಎಣಿಸಿದ್ದೀರಿ. ಒಮ್ಮೆ ಪಂಪ್ ಕೊಂಡವನು ಮರುವರ್ಷ ಮತ್ತೆ ಕೊಳ್ಳುವುದಿಲ್ಲ. ನಿಮ್ಮ ಭಾವಮೈದುನರೇ ಹನ್ನೊಂದು ವರ್ಷದಿಂದ ಒಂದೇ ಪಂಪ್ ಓಡಿಸುತ್ತಿದ್ದಾರೆ. ನೀವು ಅದನ್ನು ಕಂಪನಿಯ ಹೆಗ್ಗಳಿಕೆ ಎಂದು ಬರೆದಿದ್ದೀರಿ. ವ್ಯಾಪಾರದ ದೃಷ್ಟಿಯಿಂದ ನೋಡಿದರೆ ಹನ್ನೊಂದು ವರ್ಷ ಬರದ ಗಿರಾಕಿ ಅವರು!

ಅರೇಬಿಕಾ ಗಿಡಕ್ಕೆ ಒಂದು ವರ್ಷ ಭರ್ತಿ ಹಿಡಿದರೆ ಮರುವರ್ಷ ಸೋಲುವ ಗುಣವಿದೆ. ಭರ್ತಿ ವರ್ಷದ ಲೆಕ್ಕ ತೋರಿಸಿ ತೋಟ ಮಾರುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ತಿಳಿದವರು ಏಳೆಂಟು ವರ್ಷದ ಪುಸ್ತಕ ಕೇಳುತ್ತಾರೆ. ಕೊಪ್ಪ, ಶೃಂಗೇರಿ ಕಡೆ ಅಡಿಕೆ ಚೇಣಿ ಹಿಡಿಯುವವರನ್ನು ನೋಡಿ. ಮರದ ಮೇಲಿನ ಗೊನೆಗೆ ಬೆಲೆ ಕಟ್ಟುವಾಗ ತಮ್ಮ ಅಂದಾಜಿನಲ್ಲಿ ಕೊಳೆರೋಗಕ್ಕೆ ಒಂದು ಪಾಲು, ಕೂಲಿ ಏರಿದರೆ ಎಂದು ಒಂದು ಪಾಲು, ತಮ್ಮ ಕಣ್ಣೇ ತಪ್ಪಿದ್ದರೆ ಎಂದು ಇನ್ನೊಂದು ಪಾಲು ತೆಗೆದಿಟ್ಟು ಉಳಿದದ್ದಕ್ಕೆ ಮಾತ್ರ ಮಾತಾಡುತ್ತಾರೆ. ನಿಮ್ಮ ಮೊದಲ ಲೆಕ್ಕದಲ್ಲಿ 650ಕ್ಕೂ 640ಕ್ಕೂ ನಡುವೆ ಇದ್ದದ್ದು ಹತ್ತು ರೂಪಾಯಿ. ಅದನ್ನು ನಂಬಿ ನಿದ್ದೆ ಮಾಡಿದಿರಲ್ಲ, ನಿಮ್ಮ ಧೈರ್ಯ ದೊಡ್ಡದು.


ಮರುಮಾತು: ಹಾಸನದ ಲೆಕ್ಕದ ಮೇಷ್ಟ್ರು

ಇಬ್ಬರಿಗೂ ನಮಸ್ಕಾರ. ಮೂರು ರಾತ್ರಿ ವಾರ್ಷಿಕ ವರದಿಗಳ ಜೊತೆ ಕಳೆದೆ. ಮೊಬೈಲಿನಲ್ಲಿ ಓದಲಾಗದೆ ಬೇಕಾದ ಪುಟಗಳನ್ನು ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿಕೊಂಡು ಬಂದೆ. ಅಂಗಡಿಯ ಹುಡುಗ ನನ್ನ ಹಳೆಯ ವಿದ್ಯಾರ್ಥಿ, ಏನು ಸರ್ ಮತ್ತೆ ಪ್ರಶ್ನೆಪತ್ರಿಕೆ ತೆಗೆಯುತ್ತಿದ್ದೀರಾ ಎಂದು ಕೇಳಿದ. ಇಲ್ಲಪ್ಪ, ಈ ಸಲ ಬರೆಯುತ್ತಿದ್ದೇನೆ ಎಂದೆ.

ಮೇಡಂ, ನೀವು ಹೇಳಿದ ಪುಟದಲ್ಲಿ ಸಿಕ್ಕಿದ್ದು ಇದು. ಮೂರು ವರ್ಷದ ಲಾಭದ ಮೊತ್ತ 214 ಕೋಟಿ. ವ್ಯವಹಾರದಿಂದ ಬಂದ ನಗದು 186 ಕೋಟಿ. ಯಂತ್ರಗಳಿಗೆ ಹಾಕಿದ್ದು 54 ಕೋಟಿ. ಉಳಿದದ್ದು 132, ಅಂದರೆ ವರ್ಷಕ್ಕೆ 44 ಕೋಟಿ, ಷೇರಿಗೆ 11 ರೂಪಾಯಿ. ನನ್ನ ಶ್ರೇಢಿಯ ಮೊದಲ ಪದವೇ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಮೊತ್ತ ಮೊದಲ ಪದದ ಜೊತೆಗೇ ಇಳಿಯುತ್ತದೆ, ಹಾಗಾಗಿ 500 ಇದ್ದದ್ದು 275. ಇಪ್ಪತ್ತಾರು ವರ್ಷ ಆ ಮೊದಲ ಪದವನ್ನು ‘ಎ ಆಗಿರಲಿ’ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಂದಿನ ಸಾಲಿಗೆ ಹೋಗಿದ್ದೇನೆ. ಅದು ಎಲ್ಲಿಂದ ಬಂತು ಎಂದು ಒಬ್ಬ ವಿದ್ಯಾರ್ಥಿಯೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಬಾಕಿಯ ಟಿಪ್ಪಣಿಯನ್ನೂ ನೋಡಿದೆ. ಹಿಂದಿನ ವರ್ಷ 900 ಕೋಟಿ ಮಾರಾಟಕ್ಕೆ 150 ಕೋಟಿ ಬಾಕಿ, ಈ ವರ್ಷ 1,000 ಕೋಟಿ ಮಾರಾಟಕ್ಕೆ 220 ಕೋಟಿ. ದಿನಗಳ ಲೆಕ್ಕದಲ್ಲಿ 61 ಇದ್ದದ್ದು 80. ಅಂದರೆ ಮಾರಾಟ ನೂರು ಕೋಟಿ ಹೆಚ್ಚಿದರೆ ಅದರಲ್ಲಿ ಎಪ್ಪತ್ತು ಕೋಟಿಯಷ್ಟು ಬಾಕಿಯೇ ಹೆಚ್ಚಿದೆ. ಆರು ತಿಂಗಳು ದಾಟಿದ ಮನೆಯಲ್ಲಿ ಹೋದ ವರ್ಷ ಬೆರಳೆಣಿಕೆಯ ಕೋಟಿ ಇತ್ತು, ಈ ವರ್ಷ ಎರಡಂಕಿ.

ಬಾಳೆಹೊನ್ನೂರಿನವರೇ, ನಿಮ್ಮ ಜಿಗಣೆ ಹತ್ತುವ ಗಿಡಗಳ ಕಡೆಗೂ ಇಳಿದೆ. ಏಳು ವರ್ಷದ ವರದಿ ತೆಗೆದರೆ ಮೊದಲ ವರ್ಷದ ಲಾಭ 50 ಕೋಟಿ. ಅಲ್ಲಿಂದ 63 ತಲುಪಲು ನಾಲ್ಕು ವರ್ಷ, 63ರಿಂದ 80ಕ್ಕೆ ಎರಡೇ ವರ್ಷ. ಒಟ್ಟಾರೆ ವರ್ಷಕ್ಕೆ ಶೇ 8. ಬರದ ಬೇಸಿಗೆ ನಾನು ಎಣಿಸಿದ ಮೂರು ವರ್ಷಗಳ ನಡುವೆಯೇ ಇದೆ. ಶೇ 12ನ್ನು ಕೈ ಬಿಗಿಹಿಡಿದು ಹಾಕಿಕೊಂಡೆ ಎಂದು ಬರೆದಿದ್ದೆನಲ್ಲ, ಆ ಸಾಲನ್ನು ದಯವಿಟ್ಟು ಮರೆತುಬಿಡಿ. 11 ರೂಪಾಯಿ ನಗದು, ಶೇ 8 ಬೆಳವಣಿಗೆ ಎಂದು ಹಾಕಿದರೆ ಬರುವುದು 205.

ಆಮೇಲೆ ಮೇಡಂ ಹೇಳಿದಂತೆ ತಿರುಗಿಸಿದೆ. 11 ರೂಪಾಯಿ ನಗದಿಗೆ 640 ಕೊಡುವುದು ಸರಿಯಾಗಬೇಕಾದರೆ ಹತ್ತು ವರ್ಷ ಬಿಡದೆ ವರ್ಷಕ್ಕೆ ಶೇ 23ರಿಂದ 24 ಬೆಳೆಯಬೇಕು. ಗ್ರಹಾಂ ಸೂತ್ರವನ್ನು ಬಾಂಡ್ ದರದ ತಿದ್ದುಪಡಿಯೊಂದಿಗೆ ಹಿಂದಕ್ಕೆ ಓಡಿಸಿದರೂ 23 ಬಂತು. ಎರಡು ಬೇರೆ ದಾರಿ ಒಂದೇ ಊರಿಗೆ ತಲುಪಿತಲ್ಲ ಎಂದು ಕುರ್ಚಿಯಿಂದ ಎದ್ದುಬಿಟ್ಟೆ. ಆಮೇಲೆ ಕೂತು ನೋಡಿದರೆ ಒಂದಕ್ಕೆ ಹಾಕಿದ್ದು 20 ರೂಪಾಯಿ ಲಾಭ, ಇನ್ನೊಂದಕ್ಕೆ 11 ರೂಪಾಯಿ ನಗದು. ಬರೀ ಕಾಕತಾಳೀಯ. ಆದರೂ ಅಂಕಿ ಅಂಕಿಯೇ: ವರ್ಷಕ್ಕೆ 23.5 ಎಂದರೆ ಹತ್ತು ವರ್ಷದಲ್ಲಿ ಎಂಟು ಪಟ್ಟಿಗೂ ಹೆಚ್ಚು. ಇವತ್ತು ಸಾವಿರ ಕೋಟಿಯ ಪಂಪ್ ಮಾರುವವರು ಎಂಟು ಸಾವಿರ ಕೋಟಿಯ ಪಂಪ್ ಮಾರಬೇಕು.

ಹೀಗಾಗಿ ಸದ್ಯಕ್ಕೆ ಕೊಳ್ಳುತ್ತಿಲ್ಲ. ಡೈರಿಯಲ್ಲಿ ಕಂಪನಿಯ ಹೆಸರಿನ ಮುಂದೆ 205ರಿಂದ 275 ಎಂದು ಬರೆದು ದಿನಾಂಕ ಹಾಕಿದ್ದೇನೆ. ಪಕ್ಕದಲ್ಲಿ ಹೆಂಡತಿ ಹಾಲಿನ ಲೆಕ್ಕ ಬರೆಯುತ್ತಾಳೆ, ಹಾಗಾಗಿ ದಿನಕ್ಕೊಮ್ಮೆ ಕಣ್ಣಿಗೆ ಬೀಳುತ್ತದೆ. ಪೇಟೆ ಅಲ್ಲಿಗೆ ಇಳಿಯದೆ ಸಾವಿರಕ್ಕೆ ಹೋದರೆ ತಮ್ಮ ನಗುತ್ತಾನೆ. ನಗಲಿ, ಕೈಗಡ ತೀರಿಸಿದ್ದಾನೆ.

ನಿನ್ನೆ ಸಂಜೆ ಬಿ.ಎಂ. ರಸ್ತೆಯಲ್ಲಿ ಹೋಗುತ್ತಿದ್ದಾಗ ಅದೇ ಕಂಪನಿಯ ಪಂಪ್‌ಗಳನ್ನು ಬಾಗಿಲಲ್ಲಿ ಜೋಡಿಸಿಟ್ಟ ಅಂಗಡಿ ಕಂಡಿತು. ಒಳಗೆ ಹೋಗಿ ವ್ಯಾಪಾರ ಹೇಗಿದೆ ಎಂದು ಸುಮ್ಮನೆ ವಿಚಾರಿಸಿದೆ. ಮಾಲೀಕರು ಕುರ್ಚಿ ಹಾಕಿಸಿ ಕಾಫಿ ತರಿಸಿದರು. ಮಳೆ ಚೆನ್ನಾಗಾಗಿದೆ ಸರ್, ಕೇಳುವವರಿಲ್ಲ, ಆದರೂ ಕಂಪನಿಯವರು ಮಾಲು ಇಳಿಸಿ ಹೋಗುತ್ತಾರೆ, ಮೊದಲು ಎರಡು ತಿಂಗಳಿಗೆ ಹಣ ಕೇಳುತ್ತಿದ್ದರು, ಈಗ ಮಾರಿದ ಮೇಲೆ ಕೊಡಿ ಎನ್ನುತ್ತಾರೆ ಎಂದರು. ನಾನು ಏಳುವಾಗ ನನ್ನ ತೋಟ ಯಾವ ಕಡೆ ಎಂದು ಕೇಳಿದರು. ತೋಟವಿಲ್ಲ, 30-40ರ ಮನೆ, ಹಿತ್ತಲಿನಲ್ಲಿ ಒಂದು ಕರಿಬೇವಿನ ಗಿಡ ಇದೆ ಎಂದೆ. ಪರವಾಗಿಲ್ಲ ಮೇಷ್ಟ್ರೇ, ಒಂದು ಎಚ್‌ಪಿಯದು ತೆಗೆದುಕೊಂಡು ಹೋಗಿ, ದುಡ್ಡು ಯುಗಾದಿ ಕಳೆದ ಮೇಲೆ ನೋಡೋಣ ಎಂದರು.